ಸ್ತನ ಕ್ಯಾನ್ಸರ್ ಆಪರೇಷನ್‌ಗೆ ‘ಬ್ಲಾಕ್’ ಕೊಡ್ತೀವಿ ಅಂದಿದ್ದಾರೆ, ಅಮ್ಮನಿಗೆ ಕೊಡಿಸಬಹುದಾ?

ಧಾರಾಳವಾಗಿ ಕೊಡಿಸಿ. ನಾನು ಮೈಸೂರಿನಲ್ಲಿ ಅರಿವಳಿಕೆ ಡಾಕ್ಟರ್, ಈ ಬ್ಲಾಕ್, ಅಂದರೆ ಆಪರೇಷನ್ ಆಗುವ ಜಾಗದ ನರಗಳನ್ನು ಮರಗಟ್ಟಿಸುವ ಇಂಜೆಕ್ಷನ್, ಕೊಡೋದು ನನ್ನ ದಿನದ ಕೆಲಸ.

ಬೆನ್ನಿಗೆ ಸೂಜಿ ಚುಚ್ಚಿಸಿಕೊಂಡರೆ ಜನ್ಮವಿಡೀ ಸೊಂಟನೋವು ಅಂತ ಮಂಡ್ಯದ ನಿಮ್ಮ ಸೋದರತ್ತೆ ಹೆದರಿಸಿದ್ದಾರೆ ಅಂದಿರಲ್ಲ, ಅವರು ಹೇಳ್ತಿರೋದು ಸಿಸೇರಿಯನ್‌ಗೆ ಕೊಡುವ ಇಂಜೆಕ್ಷನ್ ಬಗ್ಗೆ. (ಅದರ ಬಗ್ಗೆಯೂ ಆ ಮಾತು ಸರಿಯಲ್ಲ, ಇರಲಿ.) ನಿಮ್ಮ ಅಮ್ಮನಿಗೆ ಹೇಳಿರೋ ‘ಪೆಕ್ಸ್’ ಬ್ಲಾಕ್ ಬೆನ್ನಿಗಲ್ಲ, ಎದೆಗೆ. 2011ರ ಸುಮಾರಿಗೆ ಬಂದದ್ದು. ಕಾಲರ್ ಮೂಳೆಯ ಕೆಳಗೆ ಸ್ಕ್ಯಾನ್ ಇಟ್ಟರೆ ಸ್ನಾಯುಗಳ ಪದರ, ಪಕ್ಕೆಲುಬು, ಅದರಡಿ ಉಸಿರಿಗೆ ತಕ್ಕಂತೆ ಜಾರಾಡುವ ಶ್ವಾಸಕೋಶದ ಬಿಳಿ ಗೆರೆ, ಎಲ್ಲ ಪರದೆ ಮೇಲೆ ಕಾಣುತ್ತವೆ. ಸೂಜಿಯ ತುದಿ ನೋಡಿಕೊಂಡೇ ಮದ್ದು ಬಿಡುತ್ತೇವೆ, ಸ್ನಾಯುಗಳ ನಡುವೆ ಕಪ್ಪು ಸೀಳು ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಬೆನ್ನಿನ ಕಡೆಯಿಂದ ಕೊಡುವ ಪ್ಯಾರಾವರ್ಟಿಬ್ರಲ್ ಬ್ಲಾಕ್ ಇನ್ನೂ ಹಳೆಯದು, ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ ಸೂಜಿ ಶ್ವಾಸಕೋಶದ ಹೊದಿಕೆಗೆ ಹತ್ತಿರ ಹೋಗುತ್ತದೆ. ಯಾವುದೇ ಕೊಟ್ಟರೂ ಸಾಮಾನ್ಯವಾಗಿ ಅಮ್ಮನನ್ನು ಪೂರ್ತಿ ಮಲಗಿಸಿಯೇ ಆಪರೇಷನ್ ಮಾಡುತ್ತಾರೆ. ಲಾಭ ಏನಪ್ಪಾ ಅಂದರೆ ಎದ್ದಮೇಲೆ ಮಾರ್ಫಿನ್ ಥರದ ಮದ್ದು ಕಡಿಮೆ ಸಾಕಾಗುತ್ತದೆ, ಅದರ ಜೊತೆಗೆ ಬರುವ ವಾಂತಿ, ಮಂಪರೂ ಕಡಿಮೆ.

ಜನ ಎಡವೋದು ರಾತ್ರಿ. ಒಂದೇ ಸಲ ಕೊಟ್ಟ ಬ್ಲಾಕ್ ಸಾಮಾನ್ಯವಾಗಿ ಅರ್ಧ ದಿನ, ಕೆಲವರಿಗೆ ಇನ್ನೂ ಸ್ವಲ್ಪ ಜಾಸ್ತಿ. ಬೆಳಿಗ್ಗೆ ಆಪರೇಷನ್ ಆದವರು ಸಂಜೆ ಆರಾಮಾಗಿ ಕೂತು ಗಂಜಿ ಕುಡಿದು, ನೋವೇ ಇಲ್ಲ, ಮಾತ್ರೆ ಯಾಕೆ ಸುಮ್ನೆ ಅಂತ ಬಿಟ್ಟುಬಿಡುತ್ತಾರೆ, ಮಧ್ಯರಾತ್ರಿ ಬ್ಲಾಕ್ ಇಳಿದಾಗ ನೋವು ಒಟ್ಟಿಗೆ ನುಗ್ಗುತ್ತದೆ, ಆಗ ನರ್ಸ್‌ನ ಕೂಗಿ ಇಂಜೆಕ್ಷನ್ ಕೊಡಿಸಿದರೂ ಹಿಡಿತಕ್ಕೆ ಬರೋಕೆ ಹೊತ್ತಾಗುತ್ತದೆ. ಬರೆದುಕೊಟ್ಟ ಪ್ಯಾರಾಸಿಟಮಾಲ್ ನೋವಿರಲಿ ಬಿಡಲಿ ಹೊತ್ತಿಗೆ ಸರಿಯಾಗಿ ಕೊಡಿ.

ಕಂಕುಳ ಗಂಟು ತೆಗೆದಮೇಲೆ ತೋಳಿನ ಒಳಭಾಗ ತಿಂಗಳುಗಟ್ಟಲೆ ಜೋಮು ಹಿಡಿದ ಹಾಗಿರಬಹುದು. ಅಲ್ಲಿ ಹಾದುಹೋಗುವ ಸಣ್ಣ ನರಕ್ಕೆ ಆಪರೇಷನ್‌ನಲ್ಲೇ ಪೆಟ್ಟಾಗುತ್ತದೆ. ಸುಮ್ನೆ ಬ್ಲಾಕ್ ಮೇಲೆ ತಪ್ಪು ಹೊರಿಸಬೇಡಿ!

ಬ್ಲಾಕ್ ಕೊಟ್ಟರೆ ಕ್ಯಾನ್ಸರ್ ಮರುಕಳಿಸಲ್ಲ ಅಂತ ವಾಟ್ಸಾಪ್‌ನಲ್ಲಿ ಬಂದದ್ದನ್ನೂ ಕೇಳಿದ್ದೀರಿ. 2 ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ಪ್ಯಾರಾವರ್ಟಿಬ್ರಲ್ ಬ್ಲಾಕ್ ಇಟ್ಟುಕೊಂಡು ನಡೆಸಿದ ಅಧ್ಯಯನ 2019ರಲ್ಲಿ ಬಂತು, ಅದರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ನೋವಿಗೆ ಅಂತ ತಗೊಳ್ಳಿ, ಸಾಕು.

ಅಮ್ಮ ರಕ್ತ ತೆಳು ಮಾಡುವ ಮಾತ್ರೆ ತಗೊಳ್ತಿದ್ದರೆ ಸ್ಟ್ರಿಪ್ ಸಮೇತ ಅರಿವಳಿಕೆ ಡಾಕ್ಟರ್‌ಗೆ ಮೊದಲೇ ತೋರಿಸಿ. ನೀವಾಗೇ ನಿಲ್ಲಿಸೋಕೆ ಹೋಗಬೇಡಿ.