ಮೂರನೇ ದಿನ ಅಪ್ಪ ಯಾಕೆ ಮಂಕಾದರು?

ಹಾಸನದ ಓದುಗರೊಬ್ಬರ ಪತ್ರ: "ಅಪ್ಪನಿಗೆ ಸ್ಟ್ರೋಕ್ ಆದ ದಿನ ಮಾತು ತೊದಲಿದರೂ ಕಾಫಿ ಕೇಳಿದರು. ಮೂರನೇ ದಿನ ಕಣ್ಣೇ ಬಿಡಲಿಲ್ಲ. ಮೆದುಳಿಗೆ ಬಾವು ಬಂದಿದೆ ಎಂದರು ಡಾಕ್ಟರು. ಸ್ಟೀರಾಯ್ಡ್ ಮಾತ್ರ ಕೊಡಲಿಲ್ಲ. ಚಿಕ್ಕಮ್ಮ ಚಮಚದಲ್ಲಿ ಎಳನೀರು ಕುಡಿಸಲು ಹೋಗಿ ನರ್ಸ್ ಕೈಲಿ ಬೈಸಿಕೊಂಡರು. ಅಪ್ಪ ಈಗ ಓಡಾಡುತ್ತಿದ್ದಾರೆ. ಆದರೂ ಆ ಬಾವು ಏನು, ಅದನ್ನು ತಡೆಯಬಹುದಿತ್ತಾ?"

ಸಂಪಾದಕರ ಉತ್ತರ:

ಕಾಲು ಉಳುಕಿದರೆ ಬಾವಿಗೆ ಏನಾದರೂ ಹಚ್ಚುತ್ತೇವೆ. ಮೆದುಳೇ ಬಾತಾಗ ಸುಮ್ನೆ ಕೂರುವುದಾ ಅನಿಸುತ್ತದೆ, ಅಲ್ವಾ?

ರಕ್ತನಾಳ ಕಟ್ಟಿಕೊಂಡ ಜಾಗದಲ್ಲಿ ನಿಮಿಷಗಳಲ್ಲೇ ಜೀವಕೋಶಗಳು ಸಾಯತೊಡಗುತ್ತವೆ. ಒಳಗಿದ್ದದ್ದನ್ನೆಲ್ಲ ಹೊರಗೆ ಚೆಲ್ಲುತ್ತವೆ. ಇದರ ವಾಸನೆ ಮೊದಲು ಹತ್ತುವುದು ಮೈಕ್ರೋಗ್ಲಿಯಾ ಎಂಬ ಕಾವಲು ಕೋಶಗಳಿಗೆ. ಬೇರೆ ದಿನ ಎಳೆ ಎಳೆ ಕೈ ಚಾಚಿ ಸುತ್ತ ತಡವುತ್ತಿರುವ ಇವು ಈಗ ಕೈ ಮಡಚಿ ಉಂಡೆಯಾಗುತ್ತವೆ, ರಾಸಾಯನಿಕ ಸುರಿಸಿ ಬಿಳಿ ರಕ್ತಕಣಗಳನ್ನು ಕರೆಯುತ್ತವೆ. ಗಂಟೆಗಳೊಳಗೆ ಆ ದಂಡು ಬಂದು ನಾಳದ ಗೋಡೆಗೆ ಅಂಟಿಕೊಳ್ಳುತ್ತದೆ. ಅವು ಬಿಡುವ ಕಿಣ್ವಗಳಿಗೆ ಗೋಡೆಯ ಬೆಸುಗೆ ಸಡಿಲವಾಗಿ ನೀರು ಸೋರುತ್ತದೆ. 2ರಿಂದ 5ನೇ ದಿನದ ನಡುವೆ ಬಾವು ಜಾಸ್ತಿ. ಕಾಲಾದರೆ ದಪ್ಪಗಾದೀತು, ಬುರುಡೆಯೊಳಗೆ ಜಾಗ ಎಲ್ಲಿದೆ? ಪಕ್ಕದ ಒಳ್ಳೆಯ ಭಾಗವೂ ಅಮುಕಿಹೋಗುತ್ತದೆ. ನಿಮ್ಮ ತಂದೆ ಮಂಕಾದದ್ದು ಹೀಗೇ ಇರಬೇಕು.

ಸ್ಟೀರಾಯ್ಡ್ ಮೆದುಳಿನ ಗೆಡ್ಡೆಯ ಸುತ್ತಲಿನ ಬಾವನ್ನು ಚೆನ್ನಾಗಿ ಇಳಿಸುತ್ತದೆ. ಸ್ಟ್ರೋಕ್‌ನ ಬಾವಿಗೆ ಅದರಿಂದ ಲಾಭ ಕಂಡಿಲ್ಲ. ಸಕ್ಕರೆ ಏರುವುದು, ಸೋಂಕು ತಗಲುವುದು ಮಾತ್ರ ಉಳಿಯುತ್ತದೆ. ಬಾವು ಮಿತಿಮೀರಿದರೆ ಬುರುಡೆಯ ಒಂದು ತುಂಡು ತೆಗೆದು ಮೆದುಳಿಗೆ ಜಾಗ ಮಾಡಿಕೊಡುವುದೂ ಉಂಟು.

ಬಿಳಿ ಕಣ ಗೋಡೆಗೆ ಅಂಟದಂತೆ ಮಾಡಿದರೆ? ಅದನ್ನೂ ನೋಡಿದ್ದಾರೆ. ಎನ್ಲಿಮೋಮ್ಯಾಬ್ ಎಂಬ ಔಷಧವನ್ನು 625 ರೋಗಿಗಳ ಮೇಲೆ ಪರೀಕ್ಷಿಸಿದ ಫಲಿತಾಂಶ 2001ರಲ್ಲಿ ಬಂತು. ಔಷಧ ಪಡೆದವರ ಗತಿಯೇ ಕೆಟ್ಟದಾಗಿತ್ತು. ಜ್ವರ ಜಾಸ್ತಿ, ಸಾವೂ ಜಾಸ್ತಿ. ಔಷಧ ಇಲಿಯ ಪ್ರತಿಕಾಯವಾಗಿತ್ತು, ಅಂದರೆ ಹೊರಗಿನದಕ್ಕೆ ಅಂಟಿಕೊಂಡು ಹೋರಾಡುವ ಪ್ರೋಟೀನ್. ಅದು ಇಲಿಯದಾದ್ದರಿಂದ ಮೈ ಅದರ ಮೇಲೂ ತಿರುಗಿಬಿದ್ದಿರಬಹುದು.

ನನಗೆ ಇನ್ನೊಂದು ಕಾರಣವೂ ದೊಡ್ಡದಾಗಿ ಕಾಣುತ್ತದೆ. ಮೊದಲ ದಿನ ದಾಂಧಲೆ ಮಾಡುವ ಈ ಕೋಶಗಳ ಪಡೆಯೇ ಮುಂದಿನ ವಾರಗಳಲ್ಲಿ ಸತ್ತದ್ದನ್ನು ತಿಂದು ಜಾಗ ತೆರವು ಮಾಡುತ್ತದೆ, ಹೊಸ ನಾಳಗಳು ಬೆಳೆಯಲು ನೆರವಾಗುತ್ತದೆ. ಯಾವ ದಿನ ತಡೆಯಬೇಕು, ಯಾವ ದಿನ ಬಿಡಬೇಕು ಎಂಬುದೇ ತೊಡಕು.

ಇನ್ನು ಎಳನೀರು. ತಲೆಯೊಳಗೆ ಇಷ್ಟು ಗಲಾಟೆ ನಡೆಯುವಾಗ ಉಳಿದ ಮೈಯಲ್ಲಿ ರೋಗನಿರೋಧಕ ಶಕ್ತಿ ಕುಗ್ಗುತ್ತದೆ. ನುಂಗುವ ಸ್ನಾಯುಗಳೂ ಸೋತಿರುತ್ತವೆ. ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರೂ ನ್ಯುಮೋನಿಯಾ ಹಿಡಿದೀತು. ಚಿಕ್ಕಮ್ಮನಿಗೆ ಬೇಜಾರಾಗಿರಬಹುದು, ಆದರೆ ಈ ಜಗಳದಲ್ಲಿ ನಾನು ನರ್ಸ್ ಕಡೆ.