ಸೂಜಿ ಚುಚ್ಚಿದರೆ ಮುಚ್ಚಿಡಬೇಡ, ತಂಗಿ

ಅಕ್ಟೋಬರ್‌ನಲ್ಲಿ ಇಲ್ಲಿಗೆ, ಜರ್ಮನಿಯ ಸ್ಟುಟ್‌ಗಾರ್ಟ್ ಕಡೆಯ ಆಸ್ಪತ್ರೆಗೆ ನರ್ಸ್ ಆಗಿ ಬರುತ್ತಿದ್ದೇನೆ ಅಂತ ಬರೆದಿದ್ದೀಯ. ಓದಿ ತುಂಬಾ ಖುಷಿ ಆಯಿತು. ಚಳಿ ಹೇಗೆ, ಜರ್ಮನ್ ಭಾಷೆಯ ಬಿ2 ಮಟ್ಟ ಸಾಕಾ, ಸಂಬಳದಲ್ಲಿ ಎಷ್ಟು ಉಳಿಯುತ್ತದೆ ಅಂತೆಲ್ಲ ಕೇಳಿ, ಕೊನೆಗೆ ಒಂದು ಸಾಲು ಸೇರಿಸಿದ್ದೀಯ: "ಅಕ್ಕಾ, ಪ್ರೊಬೇಷನ್ನಲ್ಲಿ ಏನಾದ್ರೂ ಎಡವಟ್ಟಾದ್ರೆ ವಾಪಸ್ ಕಳಿಸಿಬಿಡ್ತಾರಾ?" ನಿನಗೆ ನಿಜವಾಗಿ ಕೇಳಬೇಕಾಗಿದ್ದದ್ದು ಅದೇ ಅಲ್ವಾ?

ಉಳಿದದ್ದನ್ನು ಮೊದಲು ಹೇಳಿ ಮುಗಿಸುತ್ತೇನೆ. ಚಳಿ ಬಟ್ಟೆಯನ್ನು ಅಲ್ಲಿಂದ ಹೊತ್ತು ತರಬೇಡ, ಇಲ್ಲೇ ತಗೋ. ಕಾಂಟ್ರಾಕ್ಟ್‌ನಲ್ಲಿ ಕಾಣುವುದು ಬ್ರುಟ್ಟೊ, ಅಂದರೆ ಕಡಿತಕ್ಕೆ ಮುಂಚಿನ ಸಂಬಳ. ತೆರಿಗೆ, ಇನ್ಶೂರೆನ್ಸ್, ಪೆನ್ಷನ್ ಅಂತ ಸುಮಾರು ಮೂರನೇ ಒಂದು ಭಾಗ ಅದರಲ್ಲೇ ಹೋಗುತ್ತದೆ. ಅದನ್ನು ನೋಡಿಕೊಂಡು ಮನೆಗೆ ಮಾತು ಕೊಡು. ಬಿ2 ಪರೀಕ್ಷೆಗೆ ಸಾಕು, ವಾರ್ಡಿಗೆ ಸಾಲದು. ಇಲ್ಲಿಯ ಅಜ್ಜ ಅಜ್ಜಿಯರು ಆಡುವುದು ಶ್ವೇಬಿಷ್, ಈ ಕಡೆಯ ಆಡುಮಾತಿನ ಜರ್ಮನ್. ಸ್ವಲ್ಪ ಅನ್ನುವುದಕ್ಕೆ ನೀನು "ಐನ್ ಬಿಸ್ಶೆನ್" ಅಂತ ಕಲಿತು ಬಂದರೆ ಅವರು "ಅ ಬಿಸ್ಲೆ" ಅನ್ನುತ್ತಾರೆ. ಹುಬ್ಬಳ್ಳಿ ಕನ್ನಡವನ್ನು ಮೊದಲ ಸಲ ಕೇಳಿದಾಗ ನಮ್ಮ ಕಡೆಯವರಿಗೆ ಆಗುತ್ತಲ್ಲ, ಹಾಗೆ. ಇನ್ನೊಂದು, ಇಲ್ಲಿ ಪೇಷೆಂಟ್ ಜೊತೆ ಮನೆಯವರು ಬೈಸ್ಟ್ಯಾಂಡರ್ ಆಗಿ ಇರುವುದಿಲ್ಲ. ಪೇಷೆಂಟಿನ ಮೈ ತೊಳೆಯುವುದು, ಹಲ್ಲುಜ್ಜಿಸುವುದು, ಊಟ ಮಾಡಿಸುವುದು ಎಲ್ಲ ನರ್ಸೇ. ಅದು ಆಯಾ ಕೆಲಸ ಅಂದುಕೊಂಡು ಬಂದವರು ಮೊದಲ ತಿಂಗಳು ಅಳುತ್ತಾರೆ. ನೀನು ಅಳಬೇಡ.

ಈಗ ನಿನ್ನ ಪ್ರಶ್ನೆ.

2014ರ ನವೆಂಬರ್. ನಾನು ಬಂದು ಮೂರನೇ ತಿಂಗಳು. ಲೇಟ್ ಡ್ಯೂಟಿ. ಐದು ಗಂಟೆಗೇ ಕಿಟಕಿ ಹೊರಗೆ ಕತ್ತಲು. ಸೊಂಟದ ಆಪರೇಷನ್ ಆಗಿದ್ದ ಒಬ್ಬ ಅಜ್ಜನಿಗೆ ರಕ್ತ ಹೆಪ್ಪುಗಟ್ಟದಂತೆ ಹೆಪರಿನ್ ಇಂಜೆಕ್ಷನ್ ಕೊಟ್ಟೆ. ಆಚೆ ರೂಮಿನಿಂದ ಬೆಲ್ ಹೊಡೆಯುತ್ತಲೇ ಇತ್ತು. ಆತುರದಲ್ಲಿ ಊರಿನ ಅಭ್ಯಾಸ ಕೈಗೆ ಬಂತು: ಸೂಜಿಗೆ ಮುಚ್ಚಳ ವಾಪಸ್ ಹಾಕಲು ಹೋದೆ. ರೀಕ್ಯಾಪ್ ಮಾಡಬಾರದು, ಸೂಜಿ ನೇರವಾಗಿ ಹಳದಿ ಡಬ್ಬಕ್ಕೆ ಹೋಗಬೇಕು ಅಂತ ಮೊದಲ ವಾರವೇ ಪಾಠ ಮಾಡಿ ಸಹಿ ಹಾಕಿಸಿಕೊಂಡಿದ್ದರು. ಮುಚ್ಚಳದ ಅಂಚು ತಪ್ಪಿತು. ಸೂಜಿ ಎಡಗೈ ತೋರುಬೆರಳಿಗೆ ಚುಚ್ಚಿತು.

ನಲ್ಲಿಯ ಕೆಳಗೆ ಬೆರಳು ಹಿಡಿದೆ. ಹೊಸ ಗ್ಲೌಸ್ ಹಾಕಿಕೊಂಡು ಊಟದ ಟ್ರೇ ಹಂಚಲು ಹೋದೆ. ಗ್ಲೌಸ್ ತುದಿಯಲ್ಲಿ ಸಾಸಿವೆಯಷ್ಟು ಕೆಂಪು ಕಾಣಿಸಿತು. ಟ್ರೇ ಹಿಡಿದಾಗೆಲ್ಲ ಅದು ಒತ್ತಿಕೊಂಡು ಉಗುರಿನ ಕಡೆಗೆ ಹರಡುತ್ತಿತ್ತು. ಗ್ಲೌಸ್ ಬದಲಾಯಿಸಿದೆ. ಮತ್ತೆ ಬದಲಾಯಿಸಿದೆ. ಬೆರಳನ್ನು ಮಡಚಿಕೊಂಡೇ ಕೆಲಸ ಮಾಡಿದೆ. ತಲೆಯಲ್ಲಿ ಇದ್ದದ್ದು ಒಂದೇ. ಪ್ರೊಬೇಷನ್ ಆರು ತಿಂಗಳು, ಕಾರಣ ಹೇಳದೆ ಎರಡು ವಾರದ ನೋಟಿಸ್ ಕೊಟ್ಟು ಕಳಿಸಬಹುದು, ವೀಸಾ ಈ ಕೆಲಸದ ಮೇಲೆ ನಿಂತಿದೆ, ಅಪ್ಪ ಮಾಡಿದ ಸಾಲ ಇನ್ನೂ ಹಾಗೇ ಇದೆ.

ರಿಟೈರ್ ಆಗಲು ನಾಲ್ಕು ವರ್ಷ ಇದ್ದ ಒಬ್ಬ ಸಿಸ್ಟರ್ ನನ್ನ ಜೊತೆ ಡ್ಯೂಟಿಯಲ್ಲಿದ್ದರು. ಜಾಸ್ತಿ ಮಾತಿನವರಲ್ಲ. ನನಗೆ ಅವರೆಂದರೆ ಸ್ವಲ್ಪ ಹೆದರಿಕೆಯೇ. ಕಾರಿಡಾರ್‌ನಲ್ಲಿ ನನ್ನ ಕೈ ಹಿಡಿದು ಲೈಟಿನ ಕೆಳಗೆ ತಿರುಗಿಸಿ ನೋಡಿದರು. "ಯಾವಾಗ?" ಅಂದರು. "ಈಗ ತಾನೇ" ಅಂತ ಸುಳ್ಳು ಹೇಳಿದೆ. ಅವರು ನನ್ನನ್ನು ಕೂರಿಸಿ, ತಾವೂ ಪಕ್ಕದಲ್ಲಿ ಕೂತು, ನಿಧಾನವಾಗಿ ಹೇಳಿದರು: "ಎಚ್‌ಐವಿ ತಗುಲದಂತೆ ತಡೆಯುವ ಔಷಧಿ ಬೇಕಾ ಬೇಡವಾ ಅನ್ನುವುದನ್ನು ಡಾಕ್ಟರ್ ಗಂಟೆ ನೋಡಿ ಹೇಳುತ್ತಾರೆ. ಸರಿಯಾದ ಗಂಟೆ ಹೇಳು." ಚುಚ್ಚಿ ಎರಡೂವರೆ ಗಂಟೆ ಕಳೆದಿತ್ತು. ಹೇಳಿಬಿಟ್ಟೆ. ಅಷ್ಟು ಹೊತ್ತು ಹಿಡಿದಿಟ್ಟಿದ್ದ ಅಳುವೂ ಬಂತು.

ಆಮೇಲೆ ಯಾರೂ ಒಂದು ಮಾತು ಬೈಯಲಿಲ್ಲ. ಬೆರಳನ್ನು ಮತ್ತೆ ಚೆನ್ನಾಗಿ ತೊಳೆಸಿ ಡಿಸ್‌ಇನ್ಫೆಕ್ಟ್ ಮಾಡಿಸಿದರು. ಫೆರ್‌ಬಾಂಡ್‌ಬುಖ್ ಅಂತ ಒಂದು ಪುಸ್ತಕ ಇದೆ. ಸಣ್ಣ ಗಾಯವನ್ನೂ ಅದರಲ್ಲಿ ಬರೆಯಬೇಕು, ಐದು ವರ್ಷ ಇಟ್ಟಿರಬೇಕು. ಅದರಲ್ಲಿ ಬರೆದರು. ಕೆಲಸದಲ್ಲಾದ ಗಾಯಕ್ಕೆ ಡಿ-ಆರ್ಟ್ಸ್ಟ್ ಅಂತ ಬೇರೆ ಡಾಕ್ಟರೇ ಇರುತ್ತಾರೆ, ಅಲ್ಲಿಗೆ ಕಳಿಸಿದರು. ಇನ್‌ಚಾರ್ಜ್ ಸಿಸ್ಟರ್ ರಜೆಯಲ್ಲಿದ್ದವರು ಮನೆಯಿಂದ ಕಾರಿನಲ್ಲಿ ಬಂದು ನನ್ನ ರೂಮುಗಳನ್ನು ನೋಡಿಕೊಂಡರು. ಆ ಅಜ್ಜನ ರಕ್ತ ಪರೀಕ್ಷೆಗೆ ಅವರ ಒಪ್ಪಿಗೆ ಬೇಕಿತ್ತು. ನಾನು ತಲೆ ತಗ್ಗಿಸಿ ಬಾಗಿಲಲ್ಲೇ ನಿಂತಿದ್ದೆ. ಅವರು ತೋಳಿನ ಬಟ್ಟೆಯನ್ನು ತಾವೇ ಮೇಲಕ್ಕೆ ಸರಿಸಿ ಕೈ ಚಾಚಿದರು. "ನೆಮ್, ಮೇಡ್ಲೆ" ಅಂದರು. ತಗೋ ಮಗಳೇ ಅಂತ.

ಮರುದಿನ ಕಾಫಿ ಹೊತ್ತಿಗೆ ಬ್ರೇಕ್ ರೂಮಿಗೆ ಹೋಗಲು ಕಾಲು ಬರಲಿಲ್ಲ. ಹೋದರೆ, ಒಬ್ಬೊಬ್ಬರೂ ತಮ್ಮ ತಮ್ಮ ಕೈ ತೋರಿಸುತ್ತಾ ಕೂತಿದ್ದರು. ಒಬ್ಬಳಿಗೆ ಆಂಪ್ಯೂಲ್ ಒಡೆದು ಹೆಬ್ಬೆರಳ ಬುಡದಲ್ಲಿ ಬಿಳಿ ಗೆರೆ ಉಳಿದಿತ್ತು. ಇನ್ನೊಬ್ಬಳಿಗೆ ಎರಡು ಸಲ ಸೂಜಿ ಚುಚ್ಚಿತ್ತಂತೆ. ಅವತ್ತು ಅವರು ಶ್ವೇಬಿಷ್ ಬಿಟ್ಟು ನನಗೆ ಅರ್ಥ ಆಗುವ ಜರ್ಮನ್‌ನಲ್ಲಿ ಮಾತಾಡಿದರು.

ಅಜ್ಜನ ರಿಪೋರ್ಟ್ ಚೆನ್ನಾಗಿಯೇ ಬಂತು, ಔಷಧಿ ಬೇಕಾಗಲಿಲ್ಲ. ಆದರೂ ಆರು ವಾರಕ್ಕೆ, ಮೂರು ತಿಂಗಳಿಗೆ, ಆರು ತಿಂಗಳಿಗೆ ನನ್ನ ರಕ್ತ ನೋಡಿದರು. ಮೂರೂ ಸಲ ಆ ಹಿರಿಯ ಸಿಸ್ಟರ್ ತಮ್ಮ ಡ್ಯೂಟಿ ಬದಲಾಯಿಸಿಕೊಂಡು ಜೊತೆಗೆ ಬಂದರು. ನಾನು ಒಂದು ಪೈಸೆ ಕೊಡಲಿಲ್ಲ. ಕೆಲಸದ ಅಪಘಾತಕ್ಕೆ ಇಲ್ಲಿ 1884ರಲ್ಲೇ ಇನ್ಶೂರೆನ್ಸ್ ಕಾನೂನು ಬಂದಿದೆ. ಕಂತು ಪೂರ್ತಿ ಕಟ್ಟುವುದು ಕೆಲಸ ಕೊಟ್ಟವರು. ಮೊದಲ ದಿನದಿಂದಲೇ ನಿನಗೂ ಇರುತ್ತದೆ. ಮನೆಯಿಂದ ಡ್ಯೂಟಿಗೆ ಹೋಗುವ ದಾರಿಯಲ್ಲಿ ಬಿದ್ದರೂ ಅದರಲ್ಲೇ ಬರುತ್ತದೆ.

ನನ್ನನ್ನು ಯಾರೂ ವಾಪಸ್ ಕಳಿಸಲಿಲ್ಲ. ಅದೇ ವಾರ್ಡಿನಲ್ಲಿ ಈಗಲೂ ಇದ್ದೇನೆ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಆ ರಾತ್ರಿ ನನಗೆ ನಿದ್ದೆ ಬಾರದೆ ಇದ್ದದ್ದು ನನ್ನ ಬೆರಳಿಗಾಗಿ ಮಾತ್ರ ಅಲ್ಲ. 2011ರಲ್ಲಿ, ಊರಿನ ಆಸ್ಪತ್ರೆಯಲ್ಲಿ, ನಾನು ಸೀನಿಯರ್. ಆಗ ತಾನೇ ಕೋರ್ಸ್ ಮುಗಿಸಿ ಬಂದಿದ್ದ ಹುಡುಗಿಯೊಬ್ಬಳು ರಾತ್ರಿ ಡ್ಯೂಟಿಯಲ್ಲಿ ಬೆರಳು ಹಿಡಿದುಕೊಂಡು ನನ್ನ ಹತ್ತಿರ ಓಡಿ ಬಂದಳು. "ಸಿಸ್ಟರ್, ಚುಚ್ಚಿತು" ಅಂದಳು. ನಾನು ಏನು ಹೇಳಿದೆ ಗೊತ್ತಾ? "ಸುಮ್ನೆ ತೊಳ್ಕೊಂಡು ಕೆಲಸ ಮಾಡು. ಮೇಟ್ರನ್ ಕಿವಿಗೆ ಬಿದ್ರೆ ನಿಂಗೇ ಬೈಗುಳ." ಅವಳನ್ನು ಕಾಪಾಡುತ್ತಿದ್ದೇನೆ ಅಂತಲೇ ಅಂದುಕೊಂಡಿದ್ದೆ. ನನಗೂ ನನ್ನ ಸೀನಿಯರ್ ಅದನ್ನೇ ಹೇಳಿಕೊಟ್ಟಿದ್ದರು. ಅವಳು ತಲೆ ಆಡಿಸಿ ಹೋದಳು. ಪೇಷೆಂಟ್ ಯಾರು ಅಂತ ಕೇಳಲಿಲ್ಲ. ಹೆಪಟೈಟಿಸ್ ಬಿ ಲಸಿಕೆ ಆಗಿದೆಯಾ ಅಂತಲೂ ಕೇಳಲಿಲ್ಲ. ಲಸಿಕೆ ಇಲ್ಲದವರಿಗೆ ಎಚ್‌ಐವಿಗಿಂತ ಅದರ ಭಯವೇ ಎಷ್ಟೋ ಪಾಲು ಹೆಚ್ಚು ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಕೇಳಲಿಲ್ಲ. ಕೆಲವು ತಿಂಗಳಲ್ಲಿ ಅವಳು ಕೆಲಸ ಬಿಟ್ಟಳು. ನನ್ನಲ್ಲಿದ್ದ ನಂಬರ್ ಈಗ ಹೋಗುವುದಿಲ್ಲ. ಬ್ಯಾಚಿನವರನ್ನೆಲ್ಲ ಕೇಳಿ ಆಯಿತು.

ನೀನು ಹೊರಡುವ ಮುಂಚೆ ಹೆಪಟೈಟಿಸ್ ಬಿ ಮೂರೂ ಡೋಸ್ ಆಗಿದೆಯಾ ನೋಡಿಕೋ. ಆಂಟಿಬಾಡಿ ಟೆಸ್ಟ್ ಮಾಡಿಸಿ ಅದರ ಕಾಗದವನ್ನು ಸರ್ಟಿಫಿಕೇಟ್ ಫೈಲಿನಲ್ಲೇ ಇಡು. ಬಂದ ದಿನ ಫೋನ್ ಮಾಡು, ಸ್ಟೇಷನ್ನಿಗೆ ನಾನೇ ಬರುತ್ತೇನೆ.

ನೀನು ಓದಿದ್ದೂ ಮಂಗಳೂರಿನಲ್ಲೇ ಅಂದೆಯಲ್ಲ. ಆ ಹುಡುಗಿ ಸುಳ್ಯ ಕಡೆಯವಳು, ಎಡ ಹುಬ್ಬಿನ ಮೇಲೆ ಚಿಕ್ಕ ಮಚ್ಚೆ ಇತ್ತು. ನಿನ್ನ ಸೀನಿಯರ್‌ಗಳಲ್ಲಿ ಯಾರಿಗಾದರೂ ಗೊತ್ತಾ ಅಂತ ಒಂದು ಸಲ ಕೇಳುತ್ತೀಯಾ?