ಮುಂಬೈ ಮುಲುಂಡಿನ ಅಕ್ಕನ ಅಡೇನಿಯಂ ಪಾರ್ಸೆಲ್ ಪೋಸ್ಟಿಗೆ ನನ್ನ ಉತ್ತರ, ಸ್ವಲ್ಪ ಉದ್ದ ಆಗ್ತದೆ

ಅಕ್ಕಾ ನಮಸ್ಕಾರ. ನಿನ್ನೆ ರಾತ್ರಿಯೇ ಬರೀಬೇಕು ಅಂತಿದ್ದೆ, ಕಮೆಂಟ್ ಓದಿ ಮುಗಿಯುವಾಗ ಹನ್ನೆರಡೂವರೆ ಆಯ್ತು. ಮೇಲಿನದ್ದು ಓದದವ್ರಿಗೆ ಸಂಗತಿ ಇಷ್ಟು: ಅಕ್ಕ ಪುಣೆ ಕಡೆಯ ಒಂದು ನರ್ಸರಿಯಿಂದ 2,400 ರೂಪಾಯಿ ಕೊಟ್ಟು ಆರು ಕಸಿ ಅಡೇನಿಯಂ (ಬುಡದಲ್ಲಿ ದಪ್ಪ ಗಡ್ಡೆ ಇರುವ ಹೂವಿನ ಗಿಡ) ತರಿಸಿದ್ರು, ಈ ಮಳೆಯಲ್ಲಿ ಪಾರ್ಸೆಲ್ ಬಂದು ಮುಟ್ಟುವಾಗ ಐದು ದಿನ, ಬಿಚ್ಚಿ ನೋಡಿದ್ರೆ ಎಲೆಯೂ ಇಲ್ಲ ಮಣ್ಣೂ ಇಲ್ಲ, ಮೂರು ಗಿಡದ ಗಡ್ಡೆ ಮೆತ್ತಗೆ, ಅಂಗಡಿಯವ್ರು ಮೂರು ದಿನದಿಂದ ಫೋನ್ ಎತ್ತುದಿಲ್ಲ. ಅದಕ್ಕೆ ಅವರ ಮೊಬೈಲ್ ನಂಬರ್, ಯುಪಿಐ ಸ್ಕ್ರೀನ್‌ಶಾಟ್, ಎಲ್ಲಿಂದಲೋ ಹುಡುಕಿ ತೆಗೆದ ಮನೆ ಫೋಟೋ ಎಲ್ಲ ಈ ಗ್ರೂಪಲ್ಲಿ ಹಾಕಿ "ಮಹಾ ಕಳ್ಳ, ಎಲ್ರೂ ಫೋನ್ ಮಾಡಿ ಉಗೀರಿ" ಅಂತ ಬರ್ದಿದ್ದಾರೆ.

ಸಿಟ್ಟು ಬರ್ತದೆ ಅಕ್ಕಾ, ನಂಗೂ ಬರ್ತಿತ್ತು. ಆದ್ರೆ ಮೊದ್ಲು ಆ ನಂಬರ್ ಮತ್ತೆ ಮನೆ ಫೋಟೋ ತೆಗ್ದುಬಿಡಿ, ಈ ಉತ್ತರ ಪೂರ್ತಿ ಓದುವ ಮೊದ್ಲೇ. ಆ ಮನೆಯಲ್ಲಿ ಇರುವ ಹೆಂಗಸ್ರು ಮಕ್ಕಳು ನಿಮ್ಗೆ ಗಿಡ ಮಾರಿದ್ದಲ್ಲ.

ಇನ್ನು ಗಿಡದ ವಿಷಯ. ಎಲೆ ಇಲ್ಲ ಮಣ್ಣಿಲ್ಲ ಅನ್ನುದು ಮೋಸ ಅಲ್ಲವೇ ಅಲ್ಲ, ಅಡೇನಿಯಂ ಕೊರಿಯರಲ್ಲಿ ಕಳಿಸುದೇ ಹಾಗೆ, ಮಣ್ಣು ಕೊಡವಿ, ಬೇರು ಸ್ವಲ್ಪ ಕತ್ತರಿಸಿ, ಎಲೆ ತೆಗ್ದು ಪೇಪರಲ್ಲಿ ಸುತ್ತುತಾರೆ, ಹಸಿ ಮಣ್ಣಿನ ಜೊತೆ ಕಳಿಸಿದ್ರೆ ದಾರಿಯಲ್ಲೇ ಕೊಳೀತದೆ. ಗಡ್ಡೆ ಮೆತ್ತಗಾಗುದೂ ಎರಡು ತರ ಉಂಟು. ಬಾಯಾರಿ ಮೆತ್ತಗಾದದ್ದು ಒಣಗಿದ ಲಿಂಬೆಹಣ್ಣಿನ ಹಾಗೆ, ಎಲ್ಲಿ ಒತ್ತಿದ್ರೂ ಒಂದೇ ತರ ಬಗ್ತದೆ, ಸಿಪ್ಪೆ ಸುಕ್ಕಾಗಿರ್ತದೆ, ವಾಸನೆ ಇಲ್ಲ. ಅದನ್ನು ನೆರಳಲ್ಲಿ ಒಂದೆರಡು ದಿನ ಇಟ್ಟು ನೀರು ಬಸಿಯುವ ಮಣ್ಣಲ್ಲಿ ನೆಟ್ರೆ ನಿಧಾನಕ್ಕೆ ಗಟ್ಟಿ ಆಗ್ತದೆ. ಕೊಳೆತದ್ದಾದ್ರೆ ಒಂದು ಕಡೆ ಬೆರಳು ಒಳಗೇ ಹೋಗ್ತದೆ, ಸಿಪ್ಪೆ ಜಾರ್ತದೆ, ಕಂದು ನೀರು ಬರ್ತದೆ, ಮೂಗಿಗೂ ಗೊತ್ತಾಗ್ತದೆ. ನಿಮ್ಮ ಫೋಟೋದಲ್ಲಿ ನಂಗೆ ಒಂದು ಖಂಡಿತ ಕೊಳೆತದ್ದು ಕಾಣ್ತದೆ, ಉಳಿದ ಎರಡು ಬಾಯಾರಿದ್ದು ಇರ್ಬೇಕು. ಅಂದ್ರೆ ಜಗಳ ಆರು ಗಿಡದ್ದಲ್ಲ, ಮೂರರದ್ದೂ ಅಲ್ಲ, ಬಹುಶಃ ಒಂದು ಗಿಡದ್ದು, 400 ರೂಪಾಯಿಯದ್ದು. ಅದಕ್ಕೆ 140 ಕಮೆಂಟು ಮಾರಾಯ್ರೆ!

ನಾನೂ ಇದೇ ಕೆಲ್ಸ ಮಾಡಿದವ. ನಾಲ್ಕು ವರ್ಷ ಹಿಂದೆ ಇಲ್ಲಿ ಡೊಂಬಿವ್ಲಿಯಲ್ಲಿ ಒಬ್ರು ಟೆಂಪೋದಲ್ಲಿ ಕೆಂಪುಮಣ್ಣು, ಸೆಗಣಿ ಗೊಬ್ಬರ ಮನೆಮನೆಗೆ ತಂದು ಕೊಡ್ತಿದ್ರು, ಹತ್ತು ಗೋಣಿಗೆ ಅಡ್ವಾನ್ಸ್ ಕೊಟ್ಟಿದ್ದೆ, ಆರು ದಿನ ಆದ್ರೂ ಮಣ್ಣಿಲ್ಲ, "ಹಾಕಿ ಬಂದಿದ್ದೇನೆ ಸಾರ್" ಅಂತ ಅವ್ರು ಹೇಳಿದ್ದನ್ನು ಸುಳ್ಳು ಅಂತ ಹೆಸ್ರು ಹಾಕಿ ಬರ್ದುಬಿಟ್ಟೆ. ಅರ್ವತ್ತು ಜನ ಬೈದ್ರು. ಆಮೇಲೆ ಪಂಪ್ ರಿಪೇರಿಯವ ಬಂದಾಗ ನೋಡಿದ್ರೆ ಬಿ ವಿಂಗಿನ ಪಂಪ್ ರೂಮಿನ ಹಿಂದೆ ತಾಡಪಾಲು ಮುಚ್ಚಿ ಹತ್ತು ಗೋಣಿ ಸಾಲಾಗಿ ಕೂತಿದೆ, ವಾಚ್‌ಮನ್ ಇಳಿಸಿಕೊಂಡು ಅದೇ ಸಂಜೆ ರಜೆ ಮೇಲೆ ಊರಿಗೆ ಹೋಗಿದ್ದ. ತಪ್ಪಾಯ್ತು ಅಂತ ಬರ್ದೆ, ಅದಕ್ಕೆ ಬಂದದ್ದು ಏಳು ಲೈಕು. ಮಣ್ಣಿನವ್ರು ಒಂದು ಮಾತೂ ಆಡ್ಲಿಲ್ಲ, ಗ್ರೂಪ್ ಬಿಟ್ರು, ನಮ್ಮ ಕಡೆ ಬರುದೂ ಬಿಟ್ರು. ಈಗ ನಾನು ಕಲ್ಯಾಣಿಂದ ಒಂದೊಂದೇ ಗೋಣಿ ರಿಕ್ಷಾದಲ್ಲಿ ತರುದು, ಸೀಟ್ ಕೊಳೆ ಆಯ್ತು ಅಂತ ಪ್ರತಿ ಸಲ ಬೈಸ್ಕೊಂಡು.

ಹಾಗಂತ ದುಡ್ಡು ಬಿಟ್ಟು ಸುಮ್ನೆ ಕೂತ್ಕೊಳ್ಳಿ ಅಂತ ಅಲ್ಲ. ಫೋನ್ ಬಿಡಿ, ಬರಹದಲ್ಲಿ ಕೇಳಿ, ಅವ್ರು ಪುಣೆಯವ್ರು, ನಿಮ್ಗೆ ಮರಾಠಿ ಚೆನ್ನಾಗಿ ಬರ್ತದೆ, ಮರಾಠಿಯಲ್ಲೇ ಬರೀರಿ. ಯಾವತ್ತು ದುಡ್ಡು ಹಾಕಿದ್ದು, ಯಾವತ್ತು ಪಾರ್ಸೆಲ್ ಬಂದದ್ದು, ಎಷ್ಟು ಗಿಡ ಹಾಳು, ಫೋಟೋ ಇಲ್ಲಿದೆ, ಬದ್ಲಿ ಗಿಡ ಕಳಿಸಿ ಇಲ್ಲ ಅಷ್ಟರ ದುಡ್ಡು ವಾಪಸ್ ಮಾಡಿ, ಏಳು ದಿನ ಟೈಮ್. ಅಷ್ಟೇ, ಒಂದು ಬೈಗುಳ ಬೇಡ, ನಾಳೆ ಅದೇ ಮೆಸೇಜ್ ನೀವು ಇನ್ನೊಬ್ರಿಗೆ ತೋರಿಸ್ಬೇಕಾಗ್ತದೆ.

ಏಳು ದಿನದಲ್ಲಿ ಉತ್ತರ ಬರದಿದ್ರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿ. ಅದೂ ಆಗದಿದ್ರೆ ಜಿಲ್ಲಾ ಗ್ರಾಹಕ ಆಯೋಗ, 2019ರ ಕಾಯ್ದೆ ಬಂದ್ಮೇಲೆ ನೀವು ಇರುವ ಜಾಗದಲ್ಲೇ ದೂರು ಹಾಕ್ಬಹುದು, ಪುಣೆಗೆ ಓಡ್ಬೇಕಿಲ್ಲ, 5 ಲಕ್ಷದವರೆಗಿನ ವ್ಯವಹಾರಕ್ಕೆ ಫೀಸೂ ಇಲ್ಲ, ಎರಡು ವರ್ಷದೊಳಗೆ ಹಾಕಿದ್ರೆ ಸಾಕು. 400 ರೂಪಾಯಿಗೆ ಅಲ್ಲಿವರೆಗೆ ಹೋಗ್ಬೇಕಾ ಅದು ನಿಮಗೆ ಬಿಟ್ಟದ್ದು, ನಾನಾದ್ರೆ ಹೋಗುದಿಲ್ಲ. ದುಡ್ಡು ತಗೊಂಡು ಗಿಡವೇ ಕಳಿಸದೆ ಬ್ಲಾಕ್ ಮಾಡಿ ಓಡಿದವ್ರ ಕತೆ ಬೇರೆ, ಅಲ್ಲಿ ಕಾಯ್ಲಿಕ್ಕಿಲ್ಲ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡ್ಬೇಕು. ಇವ್ರು ಹಾಗೆ ಮಾಡಿದ್ದಲ್ಲ, ಗಿಡ ಅಂತೂ ಬಂದಿದೆ.

"ಕಳ್ಳ" ಶಬ್ದದ ಬಗ್ಗೆ ಒಂದು ಮಾತು. ನಾನು ವಕೀಲ ಅಲ್ಲ, ಆದ್ರೆ ಮಾನಹಾನಿ ಅನ್ನುದು ಈಗಲೂ ಅಪರಾಧವೇ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ, ಎರಡು ವರ್ಷದವರೆಗೆ ಶಿಕ್ಷೆ ಉಂಟು. ನಿಜವನ್ನು ಜನರ ಒಳ್ಳೇದಕ್ಕೆ ಹೇಳಿದ್ರೆ ವಿನಾಯಿತಿ ಉಂಟು, ಆದ್ರೆ ನಿಜ ಅಂತ ತೋರಿಸುವ ಕೆಲ್ಸ ನಿಮ್ಮ ತಲೆ ಮೇಲೆ. "ಆರರಲ್ಲಿ ಒಂದು ಕೊಳೆತು ಬಂತು, ಮೂರು ದಿನ ಉತ್ತರ ಇಲ್ಲ" ಅಂದ್ರೆ ಫೋಟೋ ಇಟ್ಟು ತೋರಿಸ್ಬಹುದು, "ಮಹಾ ಕಳ್ಳ" ಅಂತ ಹೇಗೆ ತೋರಿಸ್ತೀರಿ? ಅಡ್ಮಿನ್ ಅಣ್ಣ ಹೆದರ್ಬೇಡಿ, ಸದಸ್ಯರು ಬರೆದದ್ದಕ್ಕೆ ಅಡ್ಮಿನ್ ಅನ್ನುವ ಕಾರಣಕ್ಕೇ ಹೊಣೆ ಆಗುದಿಲ್ಲ ಅಂತ ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ ಒಂದು ವಾಟ್ಸಾಪ್ ಗ್ರೂಪಿನ ಕೇಸಲ್ಲಿ ಹೇಳಿದೆ. ಬರೆದವ್ರಿಗೆ ಆ ಅನುಕೂಲ ಇಲ್ಲ.

ಕಮೆಂಟ್ ಹಾಕಿದವ್ರಿಗೂ ಹೇಳ್ಲಿಕ್ಕುಂಟು. ನಾಲ್ಕೈದು ಜನ ಅಂಗಡಿಯವ್ರ ಜಾತಿ, ಭಾಷೆ ಎಲ್ಲ ತೆಗ್ದು ಬರ್ದಿದ್ದೀರಿ, ದಯವಿಟ್ಟು ಅಳಿಸಿ, ನಮ್ಮಪ್ಪ ಹೋಟ್ಲಲ್ಲಿ ಪ್ಲೇಟ್ ತೊಳೆಯುವಾಗ ಈ ಊರು ನಮ್ಮ ಭಾಷೆ ಕೇಳಿ ಅನ್ನ ಹಾಕಿದ್ದಲ್ಲ. ಇನ್ನೊಂದು, ಎಲ್ಲರಿಗಿಂತ ಜೋರು ಬೈದವ್ರು ಸ್ವತಃ ಅಡೇನಿಯಂ ಮಾರುವವ್ರು, ಕೆಳಗೆ ತಮ್ಮ ರೇಟ್ ಲಿಸ್ಟ್ ಬೇರೆ ಹಾಕಿದ್ದಾರೆ, ಅದು ನಂಗೊಬ್ಬನಿಗೇ ಕಂಡದ್ದಾ?

ಅಕ್ಕಾ, ಆ ಕೊಳೆತ ಗಡ್ಡೆ ಎಸೀಬೇಡಿ. ಮೊದ್ಲು ಹಗಲು ಬೆಳಕಲ್ಲಿ ಪಾರ್ಸೆಲ್ ಲೇಬಲ್ ಪಕ್ಕದಲ್ಲಿಟ್ಟು ಫೋಟೋ, ವಿಡಿಯೋ ಎರಡೂ ತೆಗೀರಿ, ಅಂಗಡಿಯವ್ರಿಗೆ ಕಳಿಸಿ. ಆಮೇಲೆ ಚೂಪಾದ ಚಾಕು ಸ್ಪಿರಿಟಲ್ಲಿ ಒರಸಿ, ಕಂದು ಕಲೆ ಪೂರ್ತಿ ಹೋಗಿ ಒಳಗೆ ಬೆಳ್ಳಗೆ ಕಾಣುವವರೆಗೆ ಕತ್ತರಿಸಿ, ಸಾಫ್ ಅನ್ನುವ ಶಿಲೀಂಧ್ರನಾಶಕ ಪುಡಿ ಹಚ್ಚಿ, ಮಳೆ ನೀರು ತಾಗದ ಗಾಳಿ ಆಡುವ ಕಡೆ ಒಂದು ವಾರ ಹಾಗೇ ಇಡಿ, ಗಾಯ ಒಣಗುವ ತನಕ ಮಣ್ಣಿಗೆ ಹಾಕ್ಬೇಡಿ. ಕೊಳೆ ಕಸಿ ಗಂಟಿನವರೆಗೆ ಏರಿದ್ರೆ ಮಾತ್ರ ಆಸೆ ಇಲ್ಲ. ಕತ್ತರಿಸಿದ ಜಾಗದ ಫೋಟೋ ಇಲ್ಲೇ ಹಾಕಿ, ನೋಡಿ ಹೇಳ್ತೇನೆ.